60 ಕಡ್ಡಿ, 120 ಸಂದು: ಹಳೆಯ ಕಾರಿನ ಸ್ಪೋಕ್ ಚಕ್ರಕ್ಕೆ ಬಾಳಿಕೆ ಬರುವ ಲೇಪ ಯಾವುದು?

ಬ್ರಿಟನ್ನಿನ ಹಳೆಯ ಸ್ಪೋರ್ಟ್ಸ್ ಕಾರು ಎಂಜಿಬಿಯ ಒಂದು ಸ್ಪೋಕ್ ಚಕ್ರದಲ್ಲಿ 60 ಕಡ್ಡಿಗಳಿವೆ. ಪ್ರತಿ ಕಡ್ಡಿಯ ಒಂದು ತುದಿ ಹಬ್‌ನ ತೂತಿಗೆ ಸಿಕ್ಕಿಕೊಂಡಿದ್ದರೆ, ಇನ್ನೊಂದು ತುದಿ ರಿಮ್‌ನಲ್ಲಿ ನಿಪ್ಪಲ್ ಎಂಬ ಪುಟ್ಟ ನಟ್ಟಿನೊಳಗೆ ತಿರುಚಿಕೊಂಡಿದೆ. ಅಲ್ಲಿಗೆ 120 ಸಂದುಗಳಾದವು. ಕಡ್ಡಿಗಳು ಒಂದನ್ನೊಂದು ದಾಟುವ ಜಾಗಗಳು ಈ ಲೆಕ್ಕಕ್ಕೆ ಸೇರಿಲ್ಲ. ಜಾಗ್ವಾರ್ ಇ-ಟೈಪ್‌ನ ಚಕ್ರದಲ್ಲಿ ಕಡ್ಡಿಗಳು 72, ಸಂದುಗಳು 144. ಇಂಥ ಚಕ್ರಗಳು ಕಾರಿಗೆ ನಾಲ್ಕು, ಡಿಕ್ಕಿಯಲ್ಲಿ ಇನ್ನೊಂದು.

ಹಳೆಯ ಕಾರನ್ನು ಮತ್ತೆ ರಸ್ತೆಗೆ ತರಲು ಹೊರಟವರು ಚಕ್ರದ ವಿಷಯಕ್ಕೆ ಬಂದಾಗ ಮೊದಲು ಕೇಳುವುದು ‘ಕ್ರೋಮ್ ಮಾಡಿಸಲೋ, ಪೌಡರ್ ಕೋಟಿಂಗ್ ಮಾಡಿಸಲೋ, ಬಣ್ಣ ಹೊಡೆಸಲೋ’ ಎಂದು. ಪ್ರಶ್ನೆ ಸರಿಯಾದದ್ದೇ. ಆದರೆ ಅದಕ್ಕೆ ಮೊದಲು ತಿಳಿಯಬೇಕಾದ ಮಾತೊಂದಿದೆ: ಸ್ಪೋಕ್ ಚಕ್ರಕ್ಕೆ ತುಕ್ಕು ಹಿಡಿಯಲು ಶುರುವಾಗುವುದು ಬಹುಮಟ್ಟಿಗೆ ಆ ಸಂದುಗಳಲ್ಲಿ. ರಿಮ್‌ನ ಅಗಲವಾದ ಹೊರಮೈಗೆ ಯಾವ ಲೇಪ ಹಾಕಿದರೂ ಅದು ಹಲವು ವರ್ಷ ಚೆನ್ನಾಗಿಯೇ ಉಳಿಯುತ್ತದೆ. ನಿಪ್ಪಲ್‌ನ ಬುಡದಲ್ಲಿ, ಕಡ್ಡಿಗಳು ಒಂದಕ್ಕೊಂದು ತಾಗಿ ದಾಟುವಲ್ಲಿ, ಟ್ಯೂಬಿನ ಅಡಿಯಲ್ಲಿ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದರಲ್ಲಿ ಅದರ ನಿಜವಾದ ಯೋಗ್ಯತೆ ತಿಳಿಯುತ್ತದೆ.

ಚಕ್ರ ಸುಮ್ಮನೆ ನಿಂತಿರುವುದಿಲ್ಲ

ಎತ್ತಿನ ಗಾಡಿಯ ಚಕ್ರದಲ್ಲಿ ಭಾರವು ಗುಂಬದಿಂದ ಇಳಿದು ಕೆಳಗಿನ ಮರದ ಅರೆಗಳ ಮೇಲೆ ಕೂರುತ್ತದೆ. ಅರೆ ದಪ್ಪವಾಗಿರಬೇಕು, ಒತ್ತಡ ತಾಳಬೇಕು. ತಂತಿಯ ಕಡ್ಡಿಗೆ ಆ ಕೆಲಸ ಸಾಧ್ಯವಿಲ್ಲ. ಒತ್ತಿದರೆ ಅದು ಬಾಗುತ್ತದೆ, ಆದರೆ ಎಳೆದರೆ ಅದಕ್ಕೆ ಅಪಾರ ಬಲವಿದೆ. ಹಾಗಾಗಿ ಸ್ಪೋಕ್ ಚಕ್ರದಲ್ಲಿ ಎಲ್ಲ ಕಡ್ಡಿಗಳನ್ನೂ ಮೊದಲೇ ಬಿಗಿದು ಎಳೆತದಲ್ಲಿ ಇಟ್ಟಿರುತ್ತಾರೆ. ಹಾರುವ ಯಂತ್ರಕ್ಕೆ ಹಗುರ ಚಕ್ರ ಬೇಕೆಂದು ಇಂಗ್ಲೆಂಡಿನ ಜಾರ್ಜ್ ಕೇಲಿ ಈ ಉಪಾಯವನ್ನು ಯೋಚಿಸಿದ್ದು 1808ರಲ್ಲಿ. ಕಡ್ಡಿಗಳನ್ನು ಹಬ್‌ನಿಂದ ನೇರವಾಗಿ ಹೊರಡಿಸದೆ ಓರೆಯಾಗಿ, ಒಂದನ್ನೊಂದು ದಾಟುವಂತೆ ಕಟ್ಟುವ ಕ್ರಮಕ್ಕೆ ಕಾವೆಂಟ್ರಿಯ ಜೇಮ್ಸ್ ಸ್ಟಾರ್ಲಿ 1874ರಲ್ಲಿ ಪೇಟೆಂಟ್ ಪಡೆದರು. ಅದು ಸೈಕಲ್ಲಿಗಾಗಿ ಹುಟ್ಟಿದ ಕ್ರಮ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಅದೇ ಊರಿನ ರಡ್ಜ್-ವಿಟ್‌ವರ್ತ್ ಕಂಪನಿ, ನಡುವಿನ ಒಂದೇ ಒಂದು ನಟ್ಟನ್ನು ತೆಗೆದರೆ ಕಳಚಿ ಬರುವ ಕಾರಿನ ಸ್ಪೋಕ್ ಚಕ್ರವನ್ನು ಹೊರತಂದಿತು. ಮುಂದೆ ಬಂದ ಎಂಜಿ, ಜಾಗ್ವಾರ್, ಆಸ್ಟಿನ್-ಹೀಲಿ, ಟ್ರಯಂಫ್ ಕಾರುಗಳ ಸ್ಪೋಕ್ ಚಕ್ರಗಳೆಲ್ಲ ಈ ವಂಶದವು.

ಚಕ್ರ ಉರುಳುವಾಗ ನೆಲಕ್ಕೆ ತಾಗುವ ಭಾಗದ ಕಡ್ಡಿಗಳ ಎಳೆತ ಸ್ವಲ್ಪ ಸಡಿಲವಾಗಿ, ಮೇಲೇರಿದಂತೆ ಮತ್ತೆ ಬಿಗಿಯಾಗುತ್ತದೆ. ಬ್ರೇಕ್ ಒತ್ತಿದಾಗ ಒಂದು ದಿಕ್ಕಿಗೆ ಓರೆಯಾದ ಕಡ್ಡಿಗಳು ಹೆಚ್ಚು ಎಳೆಯಲ್ಪಡುತ್ತವೆ, ಆಕ್ಸಿಲರೇಟರ್ ಒತ್ತಿದಾಗ ಇನ್ನೊಂದು ದಿಕ್ಕಿನವು. ಈ ಅಳತೆಯ ಚಕ್ರ ಒಂದು ಕಿಲೋಮೀಟರಿಗೆ ಸುಮಾರು 500 ಸುತ್ತು ಸುತ್ತುತ್ತದೆ. ವರ್ಷಕ್ಕೆ 5,000 ಕಿಲೋಮೀಟರ್ ಓಡುವ ಕಾರಿನಲ್ಲಿ ಒಂದೊಂದು ಕಡ್ಡಿಯೂ 25 ಲಕ್ಷ ಬಾರಿ ಸಡಿಲಿ ಬಿಗಿಯುತ್ತದೆ. ಚಲನೆ ಕಣ್ಣಿಗೆ ಕಾಣದಷ್ಟು ಚಿಕ್ಕದು. ಆದರೆ ನಿಪ್ಪಲ್ ಮತ್ತು ರಿಮ್ ಸೇರುವಲ್ಲಿ ಸೇತುವೆಯಂತೆ ಹರಡಿಕೊಂಡ ಲೇಪಕ್ಕೆ ಅಷ್ಟೇ ಸಾಕು. ಲೇಪ ದಪ್ಪವಾಗಿ ಬಿರುಸಾಗಿದ್ದರೆ ಅಲ್ಲಿ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ.

ಬಿರುಕಿನೊಳಗೆ ನೀರು ತಾನಾಗಿಯೇ ಎಳೆದುಕೊಂಡು ಹೋಗುತ್ತದೆ. ಕಿರಿದಾದ ಸಂದಿನಲ್ಲಿ ಸೇರಿದ ನೀರು ಬೇಗ ಆರುವುದೂ ಇಲ್ಲ. ರಿಮ್‌ನ ಹೊರಮೈ ತೊಳೆದ ಹತ್ತು ನಿಮಿಷಕ್ಕೆ ಒಣಗಿದರೆ, ನಿಪ್ಪಲ್‌ನ ಬುಡ ಮರುದಿನವೂ ಒದ್ದೆ ಇರಬಹುದು. ಅದರ ಜೊತೆಗೆ ಬ್ರೇಕಿನಿಂದ ಉದುರುವ ಕಬ್ಬಿಣದ ಅಂಶವಿರುವ ಧೂಳು ಅಲ್ಲೇ ಕೂತು ತೇವವನ್ನು ಹಿಡಿದಿಡುತ್ತದೆ. ಬ್ರಿಟನ್ನಿನ ರಸ್ತೆಗಳಿಗೆ ಚಳಿಗಾಲದಲ್ಲಿ ಸುರಿಯುವ ಉಪ್ಪು ಈ ಚಕ್ರಗಳ ಹಳೆಯ ಶತ್ರು. ನಮ್ಮಲ್ಲಿ ಮಂಗಳೂರು, ಉಡುಪಿ, ಕಾರವಾರದ ಗಾಳಿ ಅದೇ ಉಪ್ಪನ್ನು ವರ್ಷಪೂರ್ತಿ ಹೊತ್ತು ತರುತ್ತದೆ. ಕಾರನ್ನು ಶೆಡ್ಡಿನಿಂದ ಹೊರಗೆ ತೆಗೆಯದಿದ್ದರೂ ಅಲ್ಲಿ ಚಕ್ರ ಸುರಕ್ಷಿತವಲ್ಲ.

ಕ್ರೋಮ್: ಹೊಳಪಿನ ಕೆಳಗೆ ಏನಿದೆ

ಇ-ಟೈಪ್ 1961ರಲ್ಲಿ ಬಂದಾಗ ಅದರ ಚಕ್ರಗಳಿಗೆ ಕಾರ್ಖಾನೆಯಲ್ಲಿ ಬೆಳ್ಳಿ ಬಣ್ಣದ ಎನಾಮೆಲ್ ಹಚ್ಚಿ ಒಲೆಯಲ್ಲಿ ಬೇಯಿಸುತ್ತಿದ್ದರು. ಕ್ರೋಮ್ ಬೇಕೆಂದವರು ಹೆಚ್ಚು ಹಣ ಕೊಡಬೇಕಿತ್ತು. 1945ರಿಂದ 1949ರವರೆಗೆ ತಯಾರಾದ ಎಂಜಿ ಟಿಸಿಯ 19 ಇಂಚಿನ ಎತ್ತರದ ಚಕ್ರಗಳೂ ಬಣ್ಣದವೇ. ಇಂದು ಪ್ರದರ್ಶನಗಳಲ್ಲಿ ಫಳಫಳಿಸುವ ಕ್ರೋಮ್ ಚಕ್ರಗಳನ್ನು ನೋಡಿ ‘ಹಳೆಯ ಕಾರೆಂದರೆ ಹೀಗೆಯೇ ಇತ್ತು’ ಎಂದುಕೊಳ್ಳುವವರು ಈ ಸಂಗತಿಯನ್ನು ಗಮನಿಸಬೇಕು. ಕಾರಿನ ಮೂಲ ರೂಪವೇ ಮುಖ್ಯ ಎನ್ನುವವರಿಗೆ ಬಣ್ಣ ಎರಡನೆಯ ದರ್ಜೆಯ ಆಯ್ಕೆಯಲ್ಲ, ಬಹಳಷ್ಟು ಮಾದರಿಗಳಲ್ಲಿ ಅದೇ ಮೊದಲನೆಯದು.

ಕ್ರೋಮ್ ಎಂದು ನಾವು ಕರೆಯುವ ಹೊಳಪಿನಲ್ಲಿ ಕ್ರೋಮಿಯಂ ಇರುವುದು ಬಹಳ ಕಡಿಮೆ. ಮೇಲಿನ ಆ ಪದರ ಸಾಮಾನ್ಯವಾಗಿ ಒಂದು ಮೈಕ್ರಾನ್‌ಗಿಂತಲೂ ತೆಳು, ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ. ಅದು ಗೀರು ಬೀಳದಂತೆ, ಮಸುಕಾಗದಂತೆ ಕಾಯುತ್ತದೆ. ತುಕ್ಕನ್ನು ತಡೆಯುವ ನಿಜವಾದ ಕೆಲಸ ಅದರ ಕೆಳಗಿನ ನಿಕಲ್‌ನದು. ಹೊರಗಿನ ಹವೆಗೆ ಒಡ್ಡಿಕೊಳ್ಳುವ ಭಾಗಕ್ಕೆ ನಿಕಲ್ ಇಪ್ಪತ್ತು, ಮೂವತ್ತು ಮೈಕ್ರಾನ್ ದಪ್ಪವಾದರೂ ಇರಬೇಕು. ಹಲವು ಕಡೆ ಅದರ ಕೆಳಗೆ ತಾಮ್ರವನ್ನೂ ಹಾಕುತ್ತಾರೆ. ಅಗ್ಗದ ಕ್ರೋಮ್ ಒಂದೇ ಮಳೆಗಾಲಕ್ಕೆ ಚುಕ್ಕೆ ಬೀಳುವುದು ನಿಕಲ್‌ನಲ್ಲಿ ಜಿಪುಣತನ ಮಾಡಿದ್ದರಿಂದ. ಪ್ಲೇಟಿಂಗ್ ಮಾಡಿಸುವ ಮುನ್ನ ‘ನಿಕಲ್ ಎಷ್ಟು ಮೈಕ್ರಾನ್’ ಎಂದು ಕೇಳಿ. ಸ್ಪಷ್ಟ ಉತ್ತರ ಬಾರದ ಕಡೆ ಚಕ್ರವನ್ನು ಕೊಡಬೇಡಿ.

ಕ್ರೋಮ್‌ನ ದೊಡ್ಡ ದೌರ್ಬಲ್ಯ ರಸಾಯನಶಾಸ್ತ್ರಕ್ಕೆ ಸೇರಿದ್ದು. ಎರಡು ಲೋಹಗಳು ತಾಗಿಕೊಂಡು ನಡುವೆ ತೇವ ಸೇರಿದಾಗ ಅವುಗಳಲ್ಲಿ ಒಂದು ಕರಗುತ್ತಾ ಇನ್ನೊಂದನ್ನು ಉಳಿಸುತ್ತದೆ. ಸತು ಮತ್ತು ಉಕ್ಕಿನ ಜೋಡಿಯಲ್ಲಿ ಕರಗುವುದು ಸತು. ಆದ್ದರಿಂದಲೇ ಸತುವಿನ ಲೇಪದಲ್ಲಿ ಗೀರು ಬಿದ್ದರೂ ಒಳಗಿನ ಉಕ್ಕು ಕೆಲಕಾಲ ತಡೆಯುತ್ತದೆ. ನಿಕಲ್ ಮತ್ತು ಉಕ್ಕಿನ ಜೋಡಿಯಲ್ಲಿ ಕರಗುವ ಸರದಿ ಉಕ್ಕಿನದು. ಕ್ರೋಮ್ ಲೇಪದಲ್ಲಿ ಸೂಜಿಮೊನೆಯಷ್ಟು ತೂತಾದರೆ ಸುತ್ತಲಿನ ಇಡೀ ಹೊಳಪು ಉಳಿದು, ಆ ಒಂದೇ ಬಿಂದುವಿನಲ್ಲಿ ಉಕ್ಕು ಆಳಕ್ಕೆ ಕೊರೆಯುತ್ತದೆ. ಹೊರಗೆ ಕಂದು ಚುಕ್ಕೆ ಮಾತ್ರ ಕಾಣುತ್ತದೆ, ಒಳಗೆ ಕುಳಿ ಬಿದ್ದಿರುತ್ತದೆ.

ಜೋಡಿಸಿದ ಚಕ್ರವನ್ನು ಇಡಿಯಾಗಿ ಪ್ಲೇಟಿಂಗ್ ತೊಟ್ಟಿಗೆ ಇಳಿಸುವ ಅಂಗಡಿಗಳಿವೆ. ಇದನ್ನು ಯಾವ ಕಾರಣಕ್ಕೂ ಒಪ್ಪಬಾರದು. ವಿದ್ಯುತ್ ಪ್ರವಾಹ ಹೊರಚಾಚಿದ ಭಾಗಗಳಿಗೆ ಹೆಚ್ಚು ಲೋಹ ತಂದು ಕೂರಿಸುತ್ತದೆ. ಕಡ್ಡಿಗಳ ಹಿಂಬದಿಗೆ, ಹಬ್‌ನ ಒಳಮೂಲೆಗಳಿಗೆ, ಅಂದರೆ ಹೆಚ್ಚು ರಕ್ಷಣೆ ಬೇಕಾದ ಜಾಗಗಳಿಗೆ ಲೇಪ ತಲುಪುವುದೇ ಇಲ್ಲ. ಶುಚಿಗೊಳಿಸಲು ಬಳಸಿದ ಆಮ್ಲ ನಿಪ್ಪಲ್‌ಗಳ ಸಂದಿನಲ್ಲಿ ಸಿಕ್ಕಿಕೊಂಡು ತಿಂಗಳುಗಳ ನಂತರವೂ ಹೊರಗೆ ಜಿನುಗುತ್ತದೆ.

ಇದಕ್ಕಿಂತ ಗಂಭೀರವಾದ ಅಪಾಯ ಕಡ್ಡಿಗಳ ಪ್ರಾಣಕ್ಕೇ ಸಂಬಂಧಿಸಿದ್ದು. ಆಮ್ಲದಲ್ಲಿ ಅದ್ದಿದಾಗಲೂ ವಿದ್ಯುತ್ತಿನಿಂದ ಲೇಪ ಕೂರಿಸುವಾಗಲೂ ಹೈಡ್ರೋಜನ್ ಹುಟ್ಟುತ್ತದೆ. ಅದರ ಒಂದಂಶ ಉಕ್ಕಿನೊಳಗೆ ನುಸುಳುತ್ತದೆ. ಮೃದು ಉಕ್ಕಿಗೆ ಇದರಿಂದ ಹೆಚ್ಚು ತೊಂದರೆಯಿಲ್ಲ. ಕಡ್ಡಿಗಳಂಥ ಹೆಚ್ಚು ಬಲದ ಉಕ್ಕು ಮಾತ್ರ ಹೈಡ್ರೋಜನ್ ಸೇರಿ ಪೆಡಸಾಗುತ್ತದೆ. ಎಳೆತದಲ್ಲಿರುವಾಗ, ಯಾವ ಮುನ್ಸೂಚನೆಯೂ ಇಲ್ಲದೆ, ದಿನಗಳೋ ವಾರಗಳೋ ಕಳೆದ ಮೇಲೆ ಪಟ್ಟನೆ ತುಂಡಾಗುತ್ತದೆ. ಇದನ್ನು ತಡೆಯಲು ಪ್ಲೇಟಿಂಗ್ ಮುಗಿದ ಕೆಲವೇ ಗಂಟೆಗಳೊಳಗೆ ಕಡ್ಡಿಗಳನ್ನು ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಗಂಟೆಗಟ್ಟಲೆ ಇಟ್ಟು ಹೈಡ್ರೋಜನ್ ಹೊರಹೋಗುವಂತೆ ಮಾಡಬೇಕು. ಬಾಗಿಲಿನ ಹಿಡಿಗಳಿಗೂ ಬಂಪರುಗಳಿಗೂ ಕ್ರೋಮ್ ಹಾಕುವ ಅಂಗಡಿಗೆ ಈ ಹಂತದ ಅಭ್ಯಾಸವಿರುವುದಿಲ್ಲ, ಅದರ ಅಗತ್ಯವೂ ಅಲ್ಲಿ ಬೀಳುವುದಿಲ್ಲ. ಚಕ್ರದ ಕಡ್ಡಿ ಬಂಪರ್ ಅಲ್ಲ. ಮನುಷ್ಯರ ಜೀವ ಅದರ ಮೇಲೆ ನಿಂತಿದೆ. ಹಳೆಯ ಕಡ್ಡಿಗಳಿಗೆ ಸ್ಥಳೀಯವಾಗಿ ಕ್ರೋಮ್ ಮಾಡಿಸುವುದಕ್ಕೆ ನನ್ನ ಸ್ಪಷ್ಟ ವಿರೋಧವಿದೆ.

ಕ್ರೋಮ್ ಬೇಕೇ ಬೇಕೆಂದರೆ ಸರಿಯಾದ ದಾರಿ ಇದು: ಚಕ್ರವನ್ನು ಪೂರ್ತಿ ಬಿಚ್ಚಿ, ರಿಮ್ ಮತ್ತು ಹಬ್‌ಗೆ ಬೇರೆಬೇರೆಯಾಗಿ ಕ್ರೋಮ್ ಮಾಡಿಸಿ, ಹಳೆಯ ಕಡ್ಡಿಗಳನ್ನು ಬದಿಗಿಟ್ಟು ಹೊಳಪು ಕೊಟ್ಟ ಸ್ಟೇನ್‌ಲೆಸ್ ಉಕ್ಕಿನ ಹೊಸ ಕಡ್ಡಿಗಳಿಂದ ಮತ್ತೆ ಕಟ್ಟಿಸುವುದು. ಖರ್ಚು ಹೆಚ್ಚು. ಹಲವು ಬಾರಿ, ಬಿಡಿಭಾಗ ಮಾರುವವರಿಂದ ಹೊಸ ಕ್ರೋಮ್ ಚಕ್ರವನ್ನೇ ತರಿಸಿಕೊಳ್ಳುವುದು ಇದಕ್ಕಿಂತ ಅಗ್ಗವಾಗುತ್ತದೆ.

ಪೌಡರ್ ಕೋಟಿಂಗ್‌ನ ಆಮಿಷ

ನಮ್ಮ ಊರುಗಳಲ್ಲಿ ಸುಲಭವಾಗಿ ಸಿಗುವುದು ಪೌಡರ್ ಕೋಟಿಂಗ್. ಗೇಟು, ಕಿಟಕಿ ಸರಳು, ಕುರ್ಚಿ ಎಲ್ಲಕ್ಕೂ ಅದೇ. ವಿದ್ಯುದಾವೇಶ ಕೊಟ್ಟ ಒಣ ಪುಡಿಯನ್ನು ಲೋಹದ ಮೇಲೆ ಸಿಂಪಡಿಸಿ, 180ರಿಂದ 200 ಡಿಗ್ರಿ ಬಿಸಿಯಲ್ಲಿ ಕರಗಿಸಿ ಗಟ್ಟಿ ಮಾಡುತ್ತಾರೆ. ಸಮತಟ್ಟಾದ ಮೈಗೆ ಇದು ಒಳ್ಳೆಯ ಲೇಪ. ಕಲ್ಲೇಟನ್ನು ತಾಳುತ್ತದೆ, ಸೋರುವುದಿಲ್ಲ, ಬೆಲೆಯೂ ಕಡಿಮೆ. ಒತ್ತಿ ತಯಾರಿಸಿದ ಉಕ್ಕಿನ ತಟ್ಟೆ ಚಕ್ರಕ್ಕೆ ನಾನೂ ಇದನ್ನೇ ಸೂಚಿಸುತ್ತೇನೆ.

ಸ್ಪೋಕ್ ಚಕ್ರದಲ್ಲಿ ಅದರ ಗುಣಗಳೇ ತೊಡಕಾಗುತ್ತವೆ. ಪುಡಿಯ ಪದರ ಸಾಮಾನ್ಯವಾಗಿ 60ರಿಂದ 100 ಮೈಕ್ರಾನ್ ದಪ್ಪವಿರುತ್ತದೆ. ಜೋಡಿಸಿದ ಚಕ್ರದ ಮೇಲೆ ಹಾಕಿದರೆ ಕಡ್ಡಿಯೂ ನಿಪ್ಪಲೂ ರಿಮ್ಮೂ ಒಂದೇ ಪೊರೆಯಡಿ ಸೇರಿಹೋಗುತ್ತವೆ. ಮೊದಲ ದಿನ ನೋಡಲು ಬಹಳ ಅಂದ. ಓಡಾಟ ಶುರುವಾದ ಮೇಲೆ ಆ ಪೊರೆ ನಿಪ್ಪಲ್‌ಗಳ ಸುತ್ತ ಉಂಗುರದಂತೆ ಬಿರಿಯುತ್ತದೆ. ಆವೇಶಗೊಂಡ ಪುಡಿ ಮೂಲೆಗಳೊಳಗೆ ಹೋಗಲು ಒಲ್ಲದೆ ಅಂಚುಗಳಲ್ಲಿ ಕೂರುವುದರಿಂದ ಕಡ್ಡಿಗಳು ದಾಟುವ ಜಾಗದ ಒಳಬದಿ ಬರಿದಾಗಿ ಉಳಿಯುತ್ತದೆ. ಈ ಎರಡೂ ದಾರಿಗಳಿಂದ ನುಗ್ಗಿದ ತೇವ ಪೊರೆಯಡಿಯಲ್ಲಿ ಹರಡುತ್ತದೆ. ಪೊರೆ ಗಟ್ಟಿಯಾಗಿರುವುದರಿಂದ ಹೊರಗೆ ಏನೂ ಕಾಣುವುದಿಲ್ಲ. ಕಡೆಗೆ ಒಂದು ಹಾಳೆಯಾಗಿ ಎದ್ದು ಬಂದಾಗ ಕೆಳಗಿನ ಉಕ್ಕು ತಿನ್ನಿಸಿಕೊಂಡಿರುತ್ತದೆ. ತುಕ್ಕನ್ನು ಬೇಗ ತೋರಿಸಿಕೊಡುವ ಲೇಪಕ್ಕಿಂತ ಅದನ್ನು ಮುಚ್ಚಿಡುವ ಲೇಪ ಹೆಚ್ಚು ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ.

ಬಿಚ್ಚಿದ ಭಾಗಗಳಿಗೆ ಹಾಕಿಸಿ ಆಮೇಲೆ ಕಟ್ಟಿಸಬಹುದಲ್ಲ ಎಂಬ ಪ್ರಶ್ನೆ ಬರುತ್ತದೆ. ಹೌದು, ಆಗ ಬಿರುಕಿನ ತೊಂದರೆ ಬಹಳ ಕಡಿಮೆಯಾಗುತ್ತದೆ. ಆದರೆ ರಿಮ್‌ನಲ್ಲಿ ನಿಪ್ಪಲ್ ಕೂರುವ ಗುಳಿಗಳಿಗೂ ಹಬ್‌ನಲ್ಲಿ ಕಡ್ಡಿಯ ತಲೆ ಕೂರುವ ತೂತುಗಳಿಗೂ ಪುಡಿ ಬೀಳದಂತೆ ಮುಚ್ಚಬೇಕು. ಪ್ಲಾಸ್ಟಿಕ್ ಗುಣದ ದಪ್ಪ ಪದರದ ಮೇಲೆ ನಿಪ್ಪಲ್ ಬಿಗಿದರೆ ಎಳೆತಕ್ಕೆ ಆ ಪದರ ನಿಧಾನವಾಗಿ ಹಿಸುಕಿಹೋಗುತ್ತದೆ, ಕಡ್ಡಿಗಳು ತಾವಾಗಿ ಸಡಿಲವಾಗುತ್ತವೆ. 60 ಗುಳಿಗಳನ್ನು ಒಂದೊಂದಾಗಿ ಮುಚ್ಚುವ ತಾಳ್ಮೆ ಗೇಟಿಗೆ ಪುಡಿ ಹೊಡೆಯುವ ಅಂಗಡಿಯಲ್ಲಿ ಸಿಗುವುದು ಕಷ್ಟ.

ದ್ರವ ಬಣ್ಣದ ಪರವಾಗಿ

ಓಡಿಸುವ ಕಾರಿಗೆ ನನ್ನ ಮೊದಲ ಆಯ್ಕೆ ತೆಳುವಾಗಿ ಹಚ್ಚಿದ ದ್ರವ ಬಣ್ಣ. ಹಿಂದಿನ ಕಾರ್ಖಾನೆಗಳ ಬೇಯಿಸಿದ ಎನಾಮೆಲ್ ಈಗಲೂ ಕೆಲವು ಕಡೆ ಲಭ್ಯ. ಅದು ಸಿಕ್ಕರೆ ಮೂಲಕ್ಕೂ ನಿಷ್ಠೆ, ಬಾಳಿಕೆಯೂ ಉಂಟು. ಸಿಗದಿದ್ದಲ್ಲಿ ಕೆಳಗೆ ಎಪಾಕ್ಸಿ ಪ್ರೈಮರ್, ಮೇಲೆ ಎರಡು ಭಾಗ ಬೆರೆಸಿ ಹೊಡೆಯುವ ಪಾಲಿಯುರೇಥೇನ್ ಬಣ್ಣ. ಎಪಾಕ್ಸಿ ಉಕ್ಕನ್ನು ಬಿಗಿಯಾಗಿ ಹಿಡಿದುಕೊಂಡು ತೇವವನ್ನು ತಡೆಯುತ್ತದೆ, ಆದರೆ ಬಿಸಿಲಿಗೆ ಪುಡಿಪುಡಿಯಾಗುತ್ತದೆ. ಪಾಲಿಯುರೇಥೇನ್ ಬಿಸಿಲನ್ನು ತಾಳುತ್ತದೆ, ಸ್ವಲ್ಪ ಬಳುಕುತ್ತದೆ. ಎರಡೂ ಸೇರಿ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತವೆ. ಕರಾವಳಿಯವರು ಎಪಾಕ್ಸಿಯ ಕೆಳಗೆ ಸತುವಿನ ಅಂಶ ಹೆಚ್ಚಿರುವ ಪ್ರೈಮರಿನ ತೆಳು ಪದರವೊಂದನ್ನು ರಿಮ್ ಮತ್ತು ಹಬ್‌ಗೆ ಹಾಕಿಸಿಕೊಳ್ಳುವುದು ಒಳ್ಳೆಯದು. ಅದು ಬರಿಯ ಉಕ್ಕಿಗೆ ನೇರವಾಗಿ ತಾಗಿದರೆ ಮಾತ್ರ ಕೆಲಸ ಮಾಡುತ್ತದೆ. ಹಳೆಯ ಬಣ್ಣದ ಮೇಲೆ ಹಚ್ಚಿದರೆ ದುಡ್ಡು ದಂಡ. ಆಮ್ಲದ ಅಂಶವಿರುವ ‘ಎಚ್’ (etch) ಪ್ರೈಮರಿನ ಮೇಲೆ ಎಪಾಕ್ಸಿ ಹೊಡೆಯುವುದೂ ತಪ್ಪು, ಆಮ್ಲ ಎಪಾಕ್ಸಿಯನ್ನು ಸರಿಯಾಗಿ ಗಟ್ಟಿಯಾಗಲು ಬಿಡುವುದಿಲ್ಲ.

ದ್ರವ ಬಣ್ಣದ ದೊಡ್ಡ ಗುಣ ಅದು ಕಾಲಕಾಲಕ್ಕೆ ತಿದ್ದಿಸಿಕೊಳ್ಳುತ್ತದೆ ಎಂಬುದು. ಸ್ಪೋಕ್ ಚಕ್ರ ಎಂದಾದರೊಂದು ದಿನ ಓಲಾಡಿಯೇ ಆಡುತ್ತದೆ, ಕಡ್ಡಿಗಳನ್ನು ಮತ್ತೆ ಬಿಗಿಯಬೇಕಾಗುತ್ತದೆ. ನಿಪ್ಪಲ್ ತಿರುಗಿಸಿದ ಕೂಡಲೇ ಅದರ ಸುತ್ತಲಿನ ಲೇಪ ಒಡೆಯುವುದು ಖಚಿತ. ಬಣ್ಣವಾದರೆ ಸಣ್ಣ ಕುಂಚದಿಂದ ಒಂದು ಹನಿ ಪ್ರೈಮರ್, ಒಣಗಿದ ಮೇಲೆ ಒಂದು ಹನಿ ಬಣ್ಣ ಹಚ್ಚಿದರೆ ಮುಗಿಯಿತು. ಕ್ರೋಮ್‌ಗೂ ಪೌಡರಿಗೂ ಇಂಥ ದಾರಿಯಿಲ್ಲ; ಸರಿಪಡಿಸುವುದೆಂದರೆ ಪೂರ್ತಿ ಕಿತ್ತು ಮತ್ತೆ ಮೊದಲಿನಿಂದ ಮಾಡುವುದು.

ಒಂದು ಎಚ್ಚರಿಕೆ. ಎರಡು ಭಾಗದ ಪಾಲಿಯುರೇಥೇನ್ ಬಣ್ಣದ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಇರುತ್ತದೆ. ಅದರ ಮಂಜನ್ನು ಉಸಿರಾಡಿದವರಿಗೆ ಜೀವನಪೂರ್ತಿ ಉಳಿಯುವ ಆಸ್ತಮಾ ಬರಬಹುದು. ಮೂಗಿಗೆ ಕಟ್ಟಿದ ಬಟ್ಟೆಯಾಗಲಿ ಸಾಧಾರಣ ಮಾಸ್ಕ್ ಆಗಲಿ ಇದನ್ನು ತಡೆಯುವುದಿಲ್ಲ, ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮುಖಗವಸು ಬೇಕು. ಮನೆಯ ಹಿತ್ತಲಿನಲ್ಲಿ ಸ್ಪ್ರೇ ಮಾಡುವ ವಸ್ತು ಇದಲ್ಲ. ಕೆಲಸ ಮಾಡುವ ಹುಡುಗರಿಗೆ ಆ ಮುಖಗವಸು ಕೊಡುವ ಅಂಗಡಿಯನ್ನೇ ಹುಡುಕಿ, ನಾಲ್ಕು ಕಾಸು ಹೆಚ್ಚಾದರೂ ಕೊಡಿ.

ಕಡ್ಡಿ ಮಾತ್ರ ಸ್ಟೇನ್‌ಲೆಸ್ ಆದರೆ?

ಬಣ್ಣದ ರಿಮ್, ಬಣ್ಣದ ಹಬ್, ಸ್ಟೇನ್‌ಲೆಸ್ ಕಡ್ಡಿ. ತೇವದ ಊರಿನಲ್ಲಿ ಕಾರು ಓಡಿಸುವವರಿಗೆ ಇದಕ್ಕಿಂತ ಉತ್ತಮವಾದ ಜೋಡಣೆ ನನಗೆ ತಿಳಿದಿಲ್ಲ. ಕಡ್ಡಿಗೆ ಲೇಪವೇ ಬೇಡವಾಗುವುದರಿಂದ ಅದು ಒಡೆಯುವ ಪ್ರಶ್ನೆಯೂ ಇಲ್ಲ, ಹೈಡ್ರೋಜನ್ನಿನ ಭಯವೂ ಇಲ್ಲ. ಸ್ಟೇನ್‌ಲೆಸ್ ನಿಪ್ಪಲನ್ನು ಸ್ಟೇನ್‌ಲೆಸ್ ಕಡ್ಡಿಯ ಎಳೆಗೆ (ಥ್ರೆಡ್) ಒಣದಾಗಿ ತಿರುಚಿದರೆ ಎರಡೂ ಕಚ್ಚಿಕೊಂಡು ಬಿಡುತ್ತವೆ. ಕಟ್ಟುವಾಗ ಎಳೆಗಳಿಗೆ ಆ್ಯಂಟಿ-ಸೀಜ್ ಪೇಸ್ಟ್ ಸವರಬೇಕು. ಸ್ಟೇನ್‌ಲೆಸ್ ಎಂದರೆ ಅಮರವೆಂದೇನಲ್ಲ. ಸಮುದ್ರದ ಉಪ್ಪು ಸಂದಿನಲ್ಲಿ ಕೂತೇ ಇದ್ದರೆ ಅದರಲ್ಲೂ ಸಣ್ಣ ಕುಳಿಗಳಾಗುತ್ತವೆ. ಬರಿಯ ಸಿಹಿನೀರಿನಿಂದ ಆಗಾಗ ತೊಳೆದರೆ ಸಾಕು.

ಪ್ರದರ್ಶನದ ಕಣಕ್ಕೆ ಇಳಿಯುವವರು ಇಲ್ಲಿ ತಡೆದು ಯೋಚಿಸಬೇಕು. ಕಾರ್ಖಾನೆಯಿಂದ ಕಡ್ಡಿಗಳೂ ಬೆಳ್ಳಿ ಬಣ್ಣದಲ್ಲೇ ಬಂದಿದ್ದ ಕಾರಿಗೆ ಹೊಳೆಯುವ ಕಡ್ಡಿ ಹಾಕಿದರೆ ಪರಿಣತ ಕಣ್ಣಿಗೆ ಅದು ತಟ್ಟನೆ ಬೇರೆಯಾಗಿ ಕಾಣುತ್ತದೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟ ಫಿವಾ 2012ರಲ್ಲಿ ಟ್ಯೂರಿನ್ ನಗರದಲ್ಲಿ ಒಪ್ಪಿಕೊಂಡ ಸನ್ನದು, ವಾಹನದ ಚರಿತ್ರೆಯನ್ನು ಉಳಿಸಿಕೊಂಡೇ ದುರಸ್ತಿ ಮಾಡಬೇಕೆಂಬ ನಿಲುವನ್ನು ಮುಂದಿಟ್ಟಿದೆ. ಸ್ಟೇನ್‌ಲೆಸ್ ಕಡ್ಡಿಗೂ ಸರಿಯಾಗಿ ಒರಟುಗೊಳಿಸಿ ಎಪಾಕ್ಸಿ ಹಚ್ಚಿದರೆ ಬೆಳ್ಳಿ ಬಣ್ಣ ಕೂರುತ್ತದೆ. ಆಗ ಬಣ್ಣ ಒಡೆದ ಕಡೆಯೂ ಕೆಳಗೆ ತುಕ್ಕು ಹಿಡಿಯುವುದಿಲ್ಲ, ನೋಟವೂ ಮೂಲದಂತೆಯೇ ಉಳಿಯುತ್ತದೆ. ಖರ್ಚು ಎರಡರದ್ದೂ ಬೀಳುತ್ತದೆ ಎಂಬುದು ನಿಜ.

ಇಟಲಿಯ ಬೊರಾನಿ ಚಕ್ರಗಳ ಸಂಗತಿ ಬೇರೆ. ಅವುಗಳಲ್ಲಿ ಹಲವಕ್ಕೆ ಅಲ್ಯೂಮಿನಿಯಂ ರಿಮ್. ಅಲ್ಲಿ ಕರಗುವ ಸರದಿ ಅಲ್ಯೂಮಿನಿಯಂನದು. ಉಕ್ಕಿನ ಭಾಗ ತಾಗುವಲ್ಲೆಲ್ಲ ಬಿಳಿಯ ಪುಡಿ ಏಳುತ್ತದೆ. ಅವನ್ನು ಆ ಚಕ್ರಗಳನ್ನು ಬಲ್ಲವರಿಗೇ ಒಪ್ಪಿಸುವುದು ಮೇಲು.

ಯಾವ ಕೆಲಸ ಮೊದಲು

ಲೇಪದ ಬಾಳಿಕೆಯಲ್ಲಿ ಹೆಚ್ಚಿನ ಪಾಲು ಬಣ್ಣದ ಡಬ್ಬಿಯನ್ನು ತೆರೆಯುವ ಮೊದಲೇ ನಿರ್ಧಾರವಾಗಿರುತ್ತದೆ. ಮೊಟ್ಟಮೊದಲು ನೋಡಬೇಕಾದದ್ದು ಈ ಚಕ್ರ ಲೇಪಕ್ಕೆ ಯೋಗ್ಯವೇ ಎಂದು. ಹಬ್‌ನ ಒಳಗೋಡೆಯಲ್ಲಿ ಉದ್ದುದ್ದ ಹಲ್ಲುಗಳಿವೆ, ಸ್ಪ್ಲೈನ್ ಎನ್ನುತ್ತಾರೆ. ಎಂಜಿನ್ನಿನ ಬಲ, ಬ್ರೇಕಿನ ಬಲ ಎರಡೂ ಅವುಗಳ ಮೂಲಕವೇ ಚಕ್ರಕ್ಕೆ ತಲುಪುತ್ತವೆ. ಹಲ್ಲಿನ ತುದಿ ಚಪ್ಪಟೆಯಾಗಿರಬೇಕು. ಸವೆದು ಚೂಪಾಗಿದ್ದರೆ ಆ ಚಕ್ರವನ್ನು ಗೋಡೆಗೆ ತೂಗುಹಾಕಿ, ಕಾರಿಗೆ ಹಾಕಬೇಡಿ. ಚಕ್ರವನ್ನು ಜಾಕ್ ಮೇಲೆತ್ತಿ, ಬ್ರೇಕ್ ಹಿಡಿಸಿ, ಹಿಂದೆ ಮುಂದೆ ತಿರುಗಿಸಿ ನೋಡಿದಾಗ ಟಕ್ ಎಂದರೆ ಹಲ್ಲು ಸವೆದಿದೆ. ಆಮೇಲೆ ಸಣ್ಣ ಸ್ಪ್ಯಾನರಿನಿಂದ ಕಡ್ಡಿಗಳನ್ನು ಒಂದೊಂದಾಗಿ ಮೀಟಬೇಕು. ಬಿಗಿಯಾದದ್ದು ಕಣಕಣ ಎನ್ನುತ್ತದೆ, ಸಡಿಲವಾದದ್ದು, ಬಿರುಕು ಬಿಟ್ಟದ್ದು ಮಂಕಾಗಿ ನುಡಿಯುತ್ತದೆ.

ಹಳೆಯ ಲೇಪ ತೆಗೆಯಲು ಮರಳು ಅಥವಾ ಒರಟು ಗ್ರಿಟ್ ಹೊಡೆಸುವುದು ವಾಡಿಕೆ. ರಿಮ್‌ಗೆ ಅದು ಸರಿ. ಕಡ್ಡಿಗಳ ಮೇಲೆ ಅದು ಸಣ್ಣ ಸಣ್ಣ ಗಾಯಗಳನ್ನು ಮಾಡುತ್ತದೆ, ಎಳೆತದಲ್ಲಿರುವ ಉಕ್ಕು ಮುಂದೆ ಬಿರುಕು ಬಿಡುವುದು ಅಂಥ ಗಾಯಗಳಿಂದಲೇ. ಕಡ್ಡಿ ಉಳಿಸಿಕೊಳ್ಳುವುದಾದರೆ ಮೃದುವಾದ ಪುಡಿಯನ್ನು ಕಡಿಮೆ ಒತ್ತಡದಲ್ಲಿ ಬಳಸಲು ಹೇಳಿ. ಸ್ಪ್ಲೈನ್‌ಗಳಿಗೂ ನಟ್ಟು ಕೂರುವ ಶಂಕುವಿನಾಕಾರದ ಮೈಗೂ ಒಂದು ಕಾಳು ಮರಳೂ ತಾಗಬಾರದು.

ಶುಚಿಯಾದ ಉಕ್ಕು ಗಾಳಿಗೆ ತೆರೆದುಕೊಂಡು ಕೂತಿದ್ದಷ್ಟೂ ಕೆಡುತ್ತದೆ. ಪ್ರೈಮರ್ ಅದೇ ದಿನ, ಕೆಲವೇ ಗಂಟೆಗಳಲ್ಲಿ ಬೀಳಬೇಕು. ಲೋಹದ ಬಿಸಿ, ಇಬ್ಬನಿ ಕಟ್ಟುವ ಬಿಸಿಗಿಂತ ಕನಿಷ್ಠ 3 ಡಿಗ್ರಿ ಹೆಚ್ಚಿರಬೇಕೆಂಬುದು ಕೈಗಾರಿಕೆಯ ನಿಯಮ. ಇಲ್ಲದಿದ್ದರೆ ಕಣ್ಣಿಗೆ ಕಾಣದ ತೇವದ ಪೊರೆಯ ಮೇಲೆ ಬಣ್ಣ ಕೂರುತ್ತದೆ. ಜುಲೈ ತಿಂಗಳ ಮಲೆನಾಡಿನಲ್ಲಿ ತೆರೆದ ಶೆಡ್ಡಿನಲ್ಲಿ ಈ ನಿಯಮ ಪಾಲಿಸಲಾಗದು. ಕರಾವಳಿಯವರೂ ಮಲೆನಾಡಿನವರೂ ಈ ಕೆಲಸವನ್ನು ಡಿಸೆಂಬರಿನಿಂದ ಮಾರ್ಚ್‌ವರೆಗೆ ಇಟ್ಟುಕೊಳ್ಳಲಿ.

ಕಡ್ಡಿ ಎಳೆದು ಚಕ್ರದ ಓಲಾಟ ತೆಗೆಯುವುದು ಮೇಲಿನ ಬಣ್ಣಕ್ಕೆ ಮೊದಲೇ ಆಗಬೇಕು. ಪ್ರೈಮರ್ ಹಾಕಿದ ಭಾಗಗಳನ್ನು ಕಟ್ಟಿಸಿ, ಚಕ್ರ ನೇರ ಮಾಡಿಸಿ, ನಿಪ್ಪಲ್‌ಗಳ ಸುತ್ತ ಮತ್ತೆ ಕುಂಚದಿಂದ ಪ್ರೈಮರ್ ತುಂಬಿಸಿ, ಆಮೇಲೆ ಬಣ್ಣ. ಬೆಂಗಳೂರಿನ ಜೆ.ಸಿ. ರಸ್ತೆಯ ಸುತ್ತಮುತ್ತ ಬುಲೆಟ್ ಬೈಕಿನ ಚಕ್ರಗಳ ಬೆಂಡ್ ತೆಗೆಯುವ ಕುಶಲರಿದ್ದಾರೆ. ಕೈಯ ಅಂದಾಜಿನಲ್ಲೇ ಕಡ್ಡಿಯ ಬಿಗಿತ ಹೇಳಬಲ್ಲವರು. ಆದರೆ ಬೈಕಿನ ಚಕ್ರದಲ್ಲಿ ಎರಡು ಸಾಲು ಕಡ್ಡಿಗಳು ರಿಮ್‌ನ ನಡುವಿಗೆ ಬರುತ್ತವೆ. ಕಾರಿನ ಚಕ್ರದಲ್ಲಿ ಹಬ್ ಒಳಸರಿದಿರುತ್ತದೆ, ಒಳಗಿನ ಮತ್ತು ಹೊರಗಿನ ಸಾಲುಗಳ ಉದ್ದವೂ ಓರೆಯೂ ಬೇರೆಬೇರೆ. ಚಕ್ರ ಬಿಚ್ಚುವ ಮುನ್ನ ಹಬ್ ಮತ್ತು ರಿಮ್ ನಡುವಿನ ಆ ಅಂತರವನ್ನು ಅಳೆದು ಬರೆದು ಅವರ ಕೈಗೆ ಕೊಡಬೇಕು. ಅಳತೆಯಿಲ್ಲದೆ ಕೊಟ್ಟರೆ ಚಕ್ರ ನೇರವಾಗಿಯೇ ತಿರುಗಬಹುದು, ಮಡ್‌ಗಾರ್ಡಿಗೆ ಮಾತ್ರ ಉಜ್ಜುತ್ತದೆ.

ರಿಮ್‌ನ ಒಳಬದಿಯನ್ನು ಮರೆಯುವವರೇ ಹೆಚ್ಚು. ಟ್ಯೂಬಿನಡಿ ನಿಪ್ಪಲ್‌ಗಳ ತಲೆ ಕೂತಿರುವ ಆ ಜಾಗಕ್ಕೆ ತೂತುಗಳ ಮೂಲಕ ನೀರು ಇಳಿಯುತ್ತದೆ. ಹೊರಮೈ ಹೊಳೆಯುತ್ತಿರುವಾಗಲೇ ಒಳಗಿನಿಂದ ತುಕ್ಕು ತಿನ್ನುತ್ತಾ ಬರುತ್ತದೆ. ಅಲ್ಲಿಗೂ ಪೂರ್ತಿ ಎಪಾಕ್ಸಿ, ಅದರ ಮೇಲೆ ಬಣ್ಣ, ಕಡ್ಡಿಗಳ ತುದಿಯನ್ನು ನುಣ್ಣಗೆ ಉಜ್ಜಿ, ಮೇಲೆ ರಿಮ್ ಟೇಪ್. ತುಕ್ಕು ತಡೆಯಲೆಂದು ಗ್ರೀಸಾಗಲಿ ಎಣ್ಣೆಯಾಗಲಿ ಬಳಿಯಬಾರದು, ಟ್ಯೂಬಿನ ರಬ್ಬರ್ ಉಬ್ಬಿ ಹಾಳಾಗುತ್ತದೆ.

ಲೇಪ ಬೀಳಲೇಬಾರದ ಜಾಗಗಳಿಗೆ ನಾನು ಒತ್ತು ಕೊಟ್ಟು ಹೇಳುವುದಕ್ಕೆ ಕಾರಣವಿದೆ. ಸ್ಪ್ಲೈನ್ ಮೇಲೂ ಶಂಕುವಿನ ಮೇಲೂ ಬಣ್ಣವೋ ಪುಡಿಯೋ ಕೂತಿದ್ದರೆ ನಟ್ಟು ಬಿಗಿದಾಗ ಅದು ಲೋಹದ ಮೇಲೆ ಕೂರದೆ ಆ ಪದರದ ಮೇಲೆ ಕೂರುತ್ತದೆ. ಪದರ ಸವೆದಂತೆ ಚಕ್ರ ಸಡಿಲವಾಗುತ್ತದೆ. ಈ ನಟ್ಟುಗಳ ಎಳೆ ಕಾರಿನ ಎಡಗಡೆಗೊಂದು ದಿಕ್ಕು, ಬಲಗಡೆಗೊಂದು ದಿಕ್ಕು ಇರುವುದು ಓಡುವಾಗ ತಾನಾಗಿ ಬಿಗಿಯುತ್ತಾ ಇರಲಿ ಎಂದು. ಚಕ್ರ ಕೂರುವ, ಕಾರಿನ ಕಡೆಯ ಹಬ್‌ಗಳನ್ನು ಎಡಬಲ ಅದಲುಬದಲು ಮಾಡಿಬಿಟ್ಟರೆ ಅದೇ ವ್ಯವಸ್ಥೆ ನಟ್ಟನ್ನು ಬಿಚ್ಚುತ್ತದೆ. ಸ್ಪ್ಲೈನ್‌ಗೆ ಬೇಕಾದದ್ದು ಶುಚಿಯಾದ ಲೋಹ ಮತ್ತು ಗ್ರೀಸ್, ಅಷ್ಟೇ.

ಯಾರಿಗೆ ಯಾವುದು

ಕಾರು ಗಾಜಿನ ಬಾಗಿಲಿನ ಹಿಂದೆ, ಒಣ ಹವೆಯಲ್ಲಿ ನಿಂತಿರುವುದಾದರೆ ಯಾವ ಲೇಪವಾದರೂ ಬಾಳುತ್ತದೆ. ಆಗ ಮೂಲದಲ್ಲಿ ಏನಿತ್ತೋ ಅದನ್ನೇ ಮಾಡಿಸಿ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರ ಸಂಗ್ರಹದಿಂದ ಶ್ರೀರಂಗಪಟ್ಟಣದ ಬಳಿ 2023ರಲ್ಲಿ ತೆರೆದ ‘ಪಯಣ’ ವಸ್ತುಸಂಗ್ರಹಾಲಯಕ್ಕೆ ಹೋದರೆ ಹಳೆಯ ವಾಹನಗಳ ಚಕ್ರಗಳನ್ನು ಹತ್ತಿರದಿಂದ ಹೋಲಿಸಿ ನೋಡಬಹುದು. 1930ರ ದಶಕದ ರೋಲ್ಸ್-ರಾಯ್ಸ್, ಬೆಂಟ್ಲಿಗಳನ್ನು ಎಲ್ಲಿ ಕಂಡರೂ ಚಕ್ರಕ್ಕೆ ಮುಚ್ಚಿದ ಲೋಹದ ತಟ್ಟೆಯಿದೆಯೇ ನೋಡಿ. ಕಡ್ಡಿಗಳನ್ನು ಒಂದೊಂದಾಗಿ ಒರೆಸುವ ಕಷ್ಟ ತಪ್ಪಿಸಲು ಆ ಕಾಲದಲ್ಲೇ ಹಲವರು ಹಾಕಿಸಿಕೊಳ್ಳುತ್ತಿದ್ದರು. ಅಂಥ ತಟ್ಟೆಯಿರುವ ಕಾರಿನ ಒಡೆಯರು ವರ್ಷಕ್ಕೊಮ್ಮೆಯಾದರೂ ಅದನ್ನು ತೆಗೆದು ಒಳಗೆ ಒಣಗಿದೆಯೇ ಎಂದು ಪರೀಕ್ಷಿಸಬೇಕು.

ಭಾನುವಾರಗಳಂದು ಮೈಸೂರು ರಸ್ತೆಯಲ್ಲಿ ಓಡುವ ಎಂಜಿಗೆ ಎಪಾಕ್ಸಿಯ ಮೇಲೆ ಬೆಳ್ಳಿ ಬಣ್ಣ, ಕಡ್ಡಿಗಳು ಸ್ಟೇನ್‌ಲೆಸ್. ಕರಾವಳಿಯಲ್ಲಾದರೆ ಅದರ ಕೆಳಗೆ ಸತುವಿನ ಪ್ರೈಮರ್. ಕ್ರೋಮ್ ಚಕ್ರವನ್ನು ಈಗಾಗಲೇ ಹೊಂದಿರುವವರು ಗಾಬರಿಯಾಗಬೇಕಿಲ್ಲ. ಮಳೆಗೆ ಸಿಕ್ಕ ದಿನವೇ ತೊಳೆದು, ಗಾಳಿ ಹೊಡೆದು ಸಂದುಗಳನ್ನು ಒಣಗಿಸಿ, ತೆಳುವಾಗಿ ಮೇಣ ಹಚ್ಚಿಟ್ಟರೆ ಅದೂ ಬಹಳ ಕಾಲ ನಿಲ್ಲುತ್ತದೆ. ಆಮ್ಲವಿರುವ ಚಕ್ರ ಶುಚಿಕಾರಕಗಳನ್ನು ಮಾತ್ರ ಯಾವ ಲೇಪದ ಮೇಲೂ ಬಳಸಬೇಡಿ. ಮೃದು ಸೋಪು, ಉದ್ದ ಹಿಡಿಯ ಮೆತ್ತನೆಯ ಬ್ರಷ್ ಸಾಕು. ತೊಳೆದ ಮೇಲೆ ಕಾರನ್ನು ಒಂದಷ್ಟು ದೂರ ಓಡಿಸಿ ತಂದು ನಿಲ್ಲಿಸಿದರೆ ಸಂದುಗಳ ನೀರು ತಾನಾಗಿ ಸಿಡಿದು ಹೋಗುತ್ತದೆ.

ಡಿಕ್ಕಿಯೊಳಗಿನ ಐದನೆಯ ಚಕ್ರವನ್ನೂ ಇದೇ ಸಲ ಕೊಟ್ಟುಬಿಡಿ. ಗಾಳಿಯಾಡದ ಡಿಕ್ಕಿಯಲ್ಲಿ, ಒದ್ದೆ ಚಾಪೆಯಡಿ ಮಲಗಿರುವ ಆ ಚಕ್ರಕ್ಕೆ ಓಡುವ ನಾಲ್ಕಕ್ಕಿಂತ ಮೊದಲೇ ತುಕ್ಕು ಹಿಡಿದಿರುತ್ತದೆ. ನಾಲ್ಕು ವರ್ಷಗಳ ನಂತರ ಅದೊಂದಕ್ಕೇ ಬಣ್ಣ ಕಲಸಿದರೆ ಬೆಳ್ಳಿಯ ಛಾಯೆ ಹೊಂದುವುದೂ ಇಲ್ಲ. ಅದೇ ಬಣ್ಣ, ಪ್ರೈಮರ್, ಗಟ್ಟಿಕಾರಕಗಳ ಹೆಸರನ್ನೂ ಛಾಯೆಯ ಸಂಖ್ಯೆಯನ್ನೂ ಅಂಗಡಿಯವರಿಂದ ಬರೆಸಿಕೊಂಡು ಕಾರಿನ ಕಾಗದಪತ್ರಗಳ ಜೊತೆ ಇಡಿ. ನಿಪ್ಪಲ್ ಬುಡದಲ್ಲಿ ಮೊದಲ ಕಂದು ಗೆರೆ ಕಂಡ ದಿನ ಕುಂಚ ಹಿಡಿಯಲು ಅದು ಬೇಕಾಗುತ್ತದೆ.